ಕ್ಯಾಲಿಫೋರ್ನಿಯಾದಲ್ಲಿ ತೋಟದ ಕೆಲಸಕ್ಕೆ ಬಿಡ್ ಹಾಕುವುದು: ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ

ಕಲಬುರಗಿಯಲ್ಲಿ ಕೂತು ಕ್ಯಾಲಿಫೋರ್ನಿಯಾದ ಒಂದು ಲ್ಯಾಂಡ್‌ಸ್ಕೇಪಿಂಗ್ ಕಂಪನಿಗೆ ಎಸ್ಟಿಮೇಟ್ ಮಾಡಿಕೊಡುವುದು ನನ್ನ ಕೆಲಸ. ನಮ್ಮ ಕಡೆಯಿಂದ ಹೋಗಿ ಅಲ್ಲಿ ಸ್ವಂತ ಕೆಲಸ ಹಿಡಿಯಬೇಕು ಅನ್ನುವವರಿಗೆ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಪಿಡಬ್ಲ್ಯುಡಿ, ಪಾಲಿಕೆ ಕೆಲಸ ಮಾಡಿದವರಿಗೆ ಟೆಂಡರ್ ಎಂದರೆ ಎಸ್.ಆರ್. (ಶೆಡ್ಯೂಲ್ ಆಫ್ ರೇಟ್ಸ್) ದರ. ಇಲಾಖೆಯ ಪಟ್ಟಿ ಇರುತ್ತದೆ. ಅದರ ಮೇಲೆ ಎಷ್ಟು ಪರ್ಸೆಂಟ್ ಜಾಸ್ತಿ, ಎಷ್ಟು ಕಮ್ಮಿ ಅಂತ ಬರೆಯುತ್ತೀವಿ. ಅಲ್ಲಿ ಒಂದು ಮನೆಯ ಹಿತ್ತಲಿಗೆ ಬಿಡ್ ಹಾಕುವಾಗ ಅಂಥ ಪಟ್ಟಿ ಯಾರೂ ಕೈಗೆ ಕೊಡುವುದಿಲ್ಲ. ನಿಮ್ಮ ಖರ್ಚನ್ನು ನೀವೇ ಕಟ್ಟಬೇಕು. "ಆ ಇನ್ನೊಬ್ಬವ ಎಷ್ಟು ಹೇಳ್ಯಾನ್ರಿ?" ಅಂತ ಕೇಳಿ ಅದಕ್ಕಿಂತ ನೂರು ಡಾಲರ್ ಇಳಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅವನ ಟ್ರಕ್ಕಿನ ಕಂತು ತೀರಿರಬಹುದು, ನಿಮ್ಮದು ತೀರಿಲ್ಲ.

ಮೊದಲು ಲೈಸೆನ್ಸ್. ಕೂಲಿ, ಸಾಮಾನು ಎಲ್ಲ ಸೇರಿ 1,000 ಡಾಲರ್ ಮುಟ್ಟುವ ಕೆಲಸಕ್ಕೆ ಸಿ-27 ಲೈಸೆನ್ಸ್, ಅಂದರೆ ತೋಟದ ಕೆಲಸದ ಗುತ್ತಿಗೆದಾರರಿಗೆ ಆ ರಾಜ್ಯ ಕೊಡುವ ಲೈಸೆನ್ಸ್ ಬೇಕು. 2025ಕ್ಕೆ ಮುಂಚೆ ಈ ಮಿತಿ 500 ಡಾಲರ್ ಇತ್ತು. ಆಳು ಇಟ್ಟುಕೊಂಡರೆ ಅಥವಾ ಆ ಕೆಲಸಕ್ಕೆ ಕಟ್ಟಡದ ಪರ್ಮಿಟ್ ಬೇಕಿದ್ದರೆ ಸಾವಿರದೊಳಗಿನ ಕೆಲಸಕ್ಕೂ ಈ ವಿನಾಯಿತಿ ಇಲ್ಲ. ದೊಡ್ಡ ಕೆಲಸವನ್ನು ತುಂಡು ಮಾಡಿ ಬಿಲ್ ಬರೆದರೂ ನಡೆಯುವುದಿಲ್ಲ. ಲೈಸೆನ್ಸಿಗೆ ನಾಲ್ಕು ವರ್ಷದ ಅನುಭವ, ಪರೀಕ್ಷೆ, 25,000 ಡಾಲರ್‌ನ ಬಾಂಡ್ (ಜಾಮೀನು ಪತ್ರ) ಬೇಕು. ಎಚ್-1ಬಿ ವೀಸಾದಲ್ಲಿ ಇರುವವರು ಶನಿವಾರ-ಭಾನುವಾರದ ಸಂಪಾದನೆ ಅಂತ ಇದಕ್ಕೆ ಕೈ ಹಾಕಲೇಬೇಡಿ. ಆ ವೀಸಾ ನಿಮ್ಮನ್ನು ಕರೆಸಿಕೊಂಡ ಕಂಪನಿಯ ಕೆಲಸಕ್ಕೆ ಮಾತ್ರ.

ಇನ್ನು ಅಳತೆ. ನಾವು ಮರಳು, ಮುರುಮು ಬ್ರಾಸ್ ಲೆಕ್ಕದಲ್ಲಿ ತರಿಸುತ್ತೀವಿ, ಒಂದು ಬ್ರಾಸ್ ಅಂದರೆ 100 ಘನ ಅಡಿ. ಅಲ್ಲಿ ಕ್ಯೂಬಿಕ್ ಯಾರ್ಡ್, ಅಂದರೆ 27 ಘನ ಅಡಿ. 1,200 ಚದರಡಿ ಪಾತಿಗೆ ಮೂರು ಇಂಚು ಮಲ್ಚ್ (ಮಣ್ಣಿನ ಮೇಲೆ ಹರಡುವ ಮರದ ಚೂರು, ತೊಗಟೆಯ ಹೊದಿಕೆ) ಹಾಕಬೇಕಾದರೆ 300 ಘನ ಅಡಿ, ನಮ್ಮ ಮೂರು ಬ್ರಾಸ್. 27ರಿಂದ ಭಾಗಿಸಿದರೆ 11 ಯಾರ್ಡಿಗೆ ಸ್ವಲ್ಪ ಮೇಲೆ. ಉದುರಿದ್ದು, ತಗ್ಗು ತುಂಬಿದ್ದು ಸೇರಿಸಿ 12 ಬರೆಯಿರಿ. ಶಹಾಬಾದಿನ ಫರಸಿಯನ್ನು ಚದರಡಿ ಲೆಕ್ಕದಲ್ಲಿ ಕೊಂಡ ನಮಗೆ ಇನ್ನೊಂದು ತೊಡಕು: ಅಲ್ಲಿ ಹಾಸುಗಲ್ಲನ್ನು ಸಾಮಾನ್ಯವಾಗಿ ಟನ್ ಲೆಕ್ಕದಲ್ಲಿ ಮಾರುತ್ತಾರೆ. ಕಲ್ಲು ದಪ್ಪವಾದಷ್ಟೂ ಟನ್ನಿಗೆ ಬರುವ ಚದರಡಿ ಕಮ್ಮಿ. ಈ ಲೆಕ್ಕವನ್ನು ಕಲ್ಲಿನ ಅಂಗಡಿಯವನ ಬಾಯಿಂದಲೇ ಕೇಳಿ ಬರೆದುಕೊಳ್ಳಿ.

ಬಿಡ್ ನಷ್ಟಕ್ಕೆ ಬೀಳುವುದು ಹೆಚ್ಚಾಗಿ ಮಣ್ಣಿನಲ್ಲಿ ಮತ್ತು ಆಳಿನಲ್ಲಿ. ಕ್ಯಾಲಿಫೋರ್ನಿಯಾದ ಬಹಳ ಕಡೆ ನೆಲ ನಮ್ಮ ಎರೆ ಹೊಲದಂಥದ್ದೇ: ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗೆ ಅಂಟುತ್ತದೆ. ಅಗೆದು ಹಾಕಿದ ಮಣ್ಣು ಸಡಿಲಾಗಿ ಉಬ್ಬುತ್ತದೆ. ಗುಂಡಿಯ ಅಳತೆ 10 ಯಾರ್ಡ್ ಇದ್ದರೆ ಟ್ರಕ್ಕಿಗೆ ಹೋಗುವುದು ಸುಮಾರು 13 ಯಾರ್ಡ್. ಅದನ್ನು ಸುರಿಯುವ ಜಾಗಕ್ಕೂ ದುಡ್ಡು ಕೊಡಬೇಕು. ಊರಾಚೆ ಹಳ್ಳದ ದಂಡಿಗೆ ಸುರಿದು ಬರುವ ಮಾತೇ ಇಲ್ಲ.

ಆಳಿಗೆ ತಾಸಿಗೆ 25 ಡಾಲರ್ ಕೊಟ್ಟರೆ ನಿಮ್ಮ ಖರ್ಚು 25 ಅಲ್ಲ. ಸೋಶಿಯಲ್ ಸೆಕ್ಯೂರಿಟಿ (ಸರ್ಕಾರಿ ಪಿಂಚಣಿ), ಮೆಡಿಕೇರ್ (ವಯಸ್ಸಾದವರ ಆರೋಗ್ಯ ವಿಮೆ) ತೆರಿಗೆ ಸೇರಿ ಮಾಲೀಕನ ಪಾಲು ಕೂಲಿಯ 7.65 ಪರ್ಸೆಂಟ್, ಅದರ ಮೇಲೆ ನಿರುದ್ಯೋಗ ತೆರಿಗೆ, ಕೆಲಸಗಾರರ ಅಪಘಾತ ವಿಮೆ. ಟ್ರಕ್ಕಿಗೆ ಸಾಮಾನು ಏರಿಸುವ ಹೊತ್ತು, ಒಂದು ಸೈಟಿನಿಂದ ಇನ್ನೊಂದಕ್ಕೆ ಹೋಗುವ ಹೊತ್ತು ಕೂಡ ಕೂಲಿಯ ಹೊತ್ತೇ. ನಾನು ಎಂಟು ತಾಸಿಗೆ ಆರೂವರೆ ತಾಸಿನ ಕೆಲಸವನ್ನಷ್ಟೇ ಹಿಡಿಯುತ್ತೇನೆ.

ಲಾಭದ ಲೆಕ್ಕದಲ್ಲೂ ಹುಷಾರು. ಖರ್ಚು 10,000 ಡಾಲರ್ ಆಗಿ ಅದರ ಮೇಲೆ 20 ಪರ್ಸೆಂಟ್ ಸೇರಿಸಿದರೆ 12,000. ಆದರೆ ಬಂದ 12,000ದಲ್ಲಿ 2,000 ಅಂದರೆ 20 ಪರ್ಸೆಂಟ್ ಅಲ್ಲ, 16.7. ಕೈಗೆ ನಿಜವಾಗಿ 20 ಉಳಿಯಬೇಕಾದರೆ 10,000ವನ್ನು 0.80ರಿಂದ ಭಾಗಿಸಿ 12,500 ಹೇಳಬೇಕು.

ಅರ್ಧ ದುಡ್ಡು ಮುಂಗಡ ತೆಗೆದುಕೊಂಡು ಕೆಲಸ ಶುರು ಮಾಡುವ ನಮ್ಮ ಪದ್ಧತಿ ಅಲ್ಲಿ ಕಾನೂನಿಗೆ ವಿರುದ್ಧ. ಮನೆಗಳ ಕೆಲಸಕ್ಕೆ ಮುಂಗಡ ಒಟ್ಟು ಬೆಲೆಯ 10 ಪರ್ಸೆಂಟ್ ಅಥವಾ 1,000 ಡಾಲರ್, ಯಾವುದು ಕಮ್ಮಿಯೋ ಅಷ್ಟೇ. 18,000 ಡಾಲರ್ ಕೆಲಸಕ್ಕೂ ಸಾವಿರವೇ. ಮುಂದಿನ ಕಂತುಗಳು ಆದ ಕೆಲಸದ, ಬಂದಿಳಿದ ಸಾಮಾನಿನ ಬೆಲೆ ಮೀರಬಾರದು. ಹಾಗಾಗಿ ಬಿಡ್ ಕೊಡುವ ಮುಂಚೆ ಮೊದಲ ವಾರದ ಸಾಮಾನಿಗೆ ದುಡ್ಡು ಎಲ್ಲಿಂದ ಅಂತ ನೋಡಿಕೊಳ್ಳಿ.

ಬಿಡ್ ಕಾಗದದಲ್ಲಿ ಏನು ಮಾಡುತ್ತೀರಿ ಅನ್ನುವಷ್ಟೇ ಸ್ಪಷ್ಟವಾಗಿ ಏನು ಮಾಡುವುದಿಲ್ಲ ಅಂತಲೂ ಇರಲಿ. ಹಳೆ ಮರದ ಬೊಡ್ಡೆ ಕೀಳುವುದು, ನೆಲದಡಿ ಕಾಂಕ್ರೀಟ್ ಸಿಕ್ಕರೆ ಒಡೆಯುವುದು, ಒಡೆದ ಹಳೆ ನೀರಿನ ಪೈಪು, ಇವು ಬೆಲೆಯಲ್ಲಿ ಸೇರಿಲ್ಲ ಎಂದು ಬರೆಯಿರಿ. "ಅದೂ ಒಂದೀಟು ಮಾಡಿಬಿಡ್ರಿ" ಅಂದಾಗ ಸಂಕೋಚಪಟ್ಟು ಒಪ್ಪಿಕೊಳ್ಳುವವರು ನಾವು. ಹೆಚ್ಚುವರಿ ಕೆಲಸದ ಬೆಲೆ ಬರೆದು, ಇಬ್ಬರೂ ಸಹಿ ಹಾಕಿ, ಆಮೇಲೆ ಗುದ್ದಲಿ ಹಿಡಿಯಿರಿ.

ಅಗೆಯುವುದಕ್ಕೆ ಕನಿಷ್ಠ ಎರಡು ಕೆಲಸದ ದಿನ ಮುಂಚೆ 811 ಅನ್ನುವ ಫೋನ್ ನಂಬರಿಗೆ ತಿಳಿಸಬೇಕು. ಗ್ಯಾಸ್, ಕರೆಂಟ್ ಲೈನ್ ಎಲ್ಲಿದೆ ಅಂತ ಪುಕ್ಕಟೆ ಗುರುತು ಹಾಕಿ ಹೋಗುತ್ತಾರೆ. ಮನೆಯವರೇ ಹಾಕಿಸಿದ ಸ್ಪ್ರಿಂಕ್ಲರ್ ಪೈಪು ಆ ಗುರುತಿನಲ್ಲಿ ಬರುವುದಿಲ್ಲ, ಅದನ್ನು ಅವರನ್ನೇ ಕೇಳಿ. ಈ ಎರಡು ದಿನವನ್ನು ಹಿಡಿದೇ ಬಿಡ್‌ನಲ್ಲಿ ಶುರುವಾಗುವ ತಾರೀಖು ಬರೆಯಿರಿ.