ಡೂಲಾ ಖರ್ಚನ್ನು ಆಫೀಸಿನಿಂದ ವಸೂಲಿ ಮಾಡಿದ ಕಥೆ

2023ರ ಮೇ ತಿಂಗಳಲ್ಲಿ ನಾನು ಬಸುರಿ ಅಂತ ಗೊತ್ತಾದ ವಾರವೇ ತುಮಕೂರಿನಲ್ಲಿರುವ ಅಮ್ಮನಿಗೆ ವಿಸಾ ಅರ್ಜಿ ತುಂಬಲು ಕೂತೆವು. ಹೆರಿಗೆಗೆ ಡಾಕ್ಟರ್ ಕೊಟ್ಟ ದಿನ 2024ರ ಜನವರಿ 8. ಅಮ್ಮನಿಗೆ ಸಿಕ್ಕ ಸಂದರ್ಶನದ ದಿನ 2024ರ ಆಗಸ್ಟ್. ಅಷ್ಟು ಹೊತ್ತಿಗೆ ಮಗು ಅಂಬೆಗಾಲಿಡುತ್ತಿರುತ್ತದೆ. ಅತ್ತೆಗೆ ಆಗ ತಾನೇ ಮಂಡಿ ಆಪರೇಷನ್ ಆಗಿತ್ತು. ಇನ್ನು ಉಳಿದದ್ದು ನ್ಯೂಜೆರ್ಸಿಯ ಚಳಿ, ನನ್ನ ಗಂಡ, ನಾನು.

ಆಗ ಆಫೀಸಿನ ಗೆಳತಿಯೊಬ್ಬಳು ಹೇಳಿದ ಮಾತು ಡೂಲಾ. ನನಗೆ ಅದು ಏನೆಂದೇ ಗೊತ್ತಿರಲಿಲ್ಲ. ಸೂಲಗಿತ್ತಿ ಇರಬೇಕು ಅಂದುಕೊಂಡೆ. ಅಮ್ಮನಿಗೆ ಫೋನಿನಲ್ಲಿ ಹಾಗೇ ಹೇಳಿದೆ, ಅವಳಿಗೆ ತಕ್ಷಣ ನೆನಪಾದದ್ದು ನಮ್ಮ ಜಿಲ್ಲೆಯ ಪಾವಗಡದ ಕಡೆಯ ನರಸಮ್ಮ, ಹದಿನೈದು ಸಾವಿರಕ್ಕೂ ಜಾಸ್ತಿ ಹೆರಿಗೆ ಮಾಡಿಸಿ ಯಾರ ಹತ್ತಿರವೂ ಕಾಸು ಕೇಳದೆ 2018ರಲ್ಲಿ ಪದ್ಮಶ್ರೀ ಪಡೆದ ಆ ಅಜ್ಜಿ. ಆಮೇಲೆ ಓದಿದಾಗ ಎರಡೂ ಬೇರೆ ಅಂತ ತಿಳಿಯಿತು. ಡೂಲಾ ಮಗುವನ್ನು ಹೊರತೆಗೆಯುವುದಿಲ್ಲ, ಪರೀಕ್ಷೆ ಮಾಡುವುದಿಲ್ಲ, ಔಷಧಿ ಕೊಡುವುದಿಲ್ಲ. ನೋವು ಬರುವಾಗ ಸೊಂಟ ಒತ್ತುತ್ತಾಳೆ, ಹೇಗೆ ಕೂರಬೇಕು, ಹೇಗೆ ಉಸಿರಾಡಬೇಕು ಹೇಳುತ್ತಾಳೆ, ನರ್ಸ್ ಹೇಳಿದ್ದು ಅರ್ಥವಾಗದಿದ್ದರೆ ಮತ್ತೆ ಕೇಳಲು ಧೈರ್ಯ ಕೊಡುತ್ತಾಳೆ, ಮತ್ತು ಪಾಳಿ ಮುಗಿಯಿತು ಅಂತ ಎದ್ದು ಹೋಗುವುದಿಲ್ಲ. ಹೆರಿಗೆ ಹೊತ್ತಿನಲ್ಲಿ ಹೀಗೆ ಜೊತೆಗೆ ಒಬ್ಬರು ಬಿಡದೆ ಇದ್ದರೆ ಸಿಸೇರಿಯನ್ ಕಡಿಮೆಯಾಗುತ್ತದೆ, ಹೆರಿಗೆಯೂ ಸ್ವಲ್ಪ ಬೇಗ ಆಗುತ್ತದೆ ಅಂತ ವೈದ್ಯಕೀಯ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡುವ ಕಾಕ್ರೇನ್ ಸಂಸ್ಥೆಯ 2017ರ ವರದಿ ಹೇಳುತ್ತದೆ, 17 ದೇಶಗಳ 15,000ಕ್ಕೂ ಹೆಚ್ಚು ಹೆಂಗಸರ ಲೆಕ್ಕ ಅದು. ಬಾಣಂತನಕ್ಕೆ ಬರುವ ಡೂಲಾ ಬೇರೆ. ಅವಳು ಹೆರಿಗೆ ಆದ ಮೇಲೆ ಮನೆಗೆ ಬರುತ್ತಾಳೆ.

ನಮಗೆ ಇಬ್ಬರೂ ಬೇಕಿತ್ತು. ರೇಟು ಕೇಳಿ ಸುಮ್ನೆ ಕೂತೆವು. ಹೆರಿಗೆಯ ಡೂಲಾ 2,100 ಡಾಲರ್. ಬಾಣಂತನದವಳು ಗಂಟೆಗೆ 40 ಡಾಲರ್, ನಮಗೆ 32 ಗಂಟೆ ಅಂದರೆ 1,280. ಒಟ್ಟು 3,380. ಇನ್ಶೂರೆನ್ಸ್‌ನವರಿಗೆ ಫೋನ್ ಮಾಡಿದರೆ ಒಂದೇ ಮಾತು, ಕವರ್ ಆಗಲ್ಲ. ನ್ಯೂಜೆರ್ಸಿಯಲ್ಲಿ 2021ರಿಂದ ಮೆಡಿಕೇಡ್, ಅಂದರೆ ಕಡಿಮೆ ಆದಾಯದವರ ಸರ್ಕಾರಿ ಇನ್ಶೂರೆನ್ಸ್, ಇರುವವರಿಗೆ ಡೂಲಾ ಸೌಲಭ್ಯ ಇದೆ, ಆದರೆ ನಮ್ಮಂಥ ಆಫೀಸ್ ಇನ್ಶೂರೆನ್ಸ್‌ನವರಿಗೆ ಅದರಿಂದ ಏನೂ ಸಿಗುವುದಿಲ್ಲ.

ಮೊದಲು ಎಚ್‌ಆರ್‌ಗೆ ಬರೆದೆ. "ಡೂಲಾ ಅಂದರೆ ಏನು?" ಅಂತ ವಾಪಸ್ ಬಂತು. ಕೋಪ ಮಾಡಿಕೊಳ್ಳಲಿಲ್ಲ, ನನಗೂ ಹದಿನೈದು ದಿನದ ಹಿಂದೆ ಗೊತ್ತಿರಲಿಲ್ಲವಲ್ಲ. ಎರಡನೇ ಮೇಲ್‌ನಲ್ಲಿ ವಾಲ್‌ಮಾರ್ಟ್ ಕಂಪನಿ ಡೂಲಾ ಖರ್ಚು ಕೊಡುವುದನ್ನು 2021ರಲ್ಲಿ ಜಾರ್ಜಿಯಾ ರಾಜ್ಯದ ನೌಕರರಿಗೆ ಶುರು ಮಾಡಿ ಆಮೇಲೆ ದೇಶಕ್ಕೆಲ್ಲ ವಿಸ್ತರಿಸಿದ್ದನ್ನು ಬರೆದು, ಒಂದು ಬಸಿರಿಗೆ 1,000 ಡಾಲರ್ ತನಕ ಅವರು ಕೊಡುತ್ತಾರೆ, ನಮ್ಮಲ್ಲಿ ಅಂಥದ್ದು ಏನಾದರೂ ಇದೆಯೇ ಅಂತ ಕೇಳಿದೆ. ಜೊತೆಗೆ ನಮ್ಮ ಆಫೀಸಿನ ಸೌಲಭ್ಯಗಳ ಪ್ಲಾನಿನ ಪೂರ್ತಿ ವಿವರ ಇರುವ ದಾಖಲೆ, ಅದಕ್ಕೆ ಎಸ್‌ಪಿಡಿ ಅನ್ನುತ್ತಾರೆ, ಅದನ್ನೂ ಕಳಿಸಿ ಅಂದೆ. ಇದನ್ನು ಬರವಣಿಗೆಯಲ್ಲಿ ಕೇಳಿದರೆ 30 ದಿನದೊಳಗೆ ಕೊಡಬೇಕು ಅಂತ ಕಾನೂನೇ ಇದೆ. ಬಂತು. ಎಂಬತ್ತು ಚಿಲ್ಲರೆ ಪುಟ. ಮೊಟ್ಟೆ ಫ್ರೀಜ್ ಮಾಡುವುದು, ದತ್ತು, ಬಾಡಿಗೆ ತಾಯಿ, ಇದೆಲ್ಲ ಇರುವ ಭಾಗದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಪ್ರಮಾಣಪತ್ರ ಇರುವ ಡೂಲಾ, ಒಂದು ಹೆರಿಗೆಗೆ 1,000 ಡಾಲರ್ ತನಕ, ಟ್ಯಾಕ್ಸ್ ಹಿಡಿಯಲಾಗುತ್ತದೆ. ಎಚ್‌ಆರ್‌ಗೇ ಗೊತ್ತಿರಲಿಲ್ಲ! ಆ ಸಾಲು ಯಾರಿಗಾಗಿ ಬರೆದಿಟ್ಟಿದ್ದರೋ.

ಆ ಸಾವಿರ ಸಾಲುವುದಿಲ್ಲ ಅಂತ ಗೊತ್ತಿತ್ತು. ಆದ್ದರಿಂದ ಎಫ್‌ಎಸ್‌ಎ ಕಡೆ ನೋಡಿದೆ. ಗೊತ್ತಿಲ್ಲದವರಿಗೆ ಒಂದು ಮಾತು: ಇದು ಸಂಬಳದಿಂದ ಟ್ಯಾಕ್ಸ್ ಕಟ್ಟುವ ಮೊದಲೇ ವೈದ್ಯಕೀಯ ಖರ್ಚಿಗೆಂದು ಎತ್ತಿಡುವ ದುಡ್ಡು. 2024ಕ್ಕೆ ಮಿತಿ 3,200 ಡಾಲರ್ ಇತ್ತು. ಇದರ ಚಂದ ಏನೆಂದರೆ ವರ್ಷದ ಮೊದಲ ದಿನವೇ ಪೂರ್ತಿ 3,200 ಬಳಸಬಹುದು. ಸಂಬಳದಿಂದ ಅದು ಕಂತು ಕಂತಾಗಿ ಹೋಗುತ್ತದೆ, ನನಗೆ ಪ್ರತಿ ಸಂಬಳಕ್ಕೆ 123 ಡಾಲರ್. ಮಧ್ಯದಲ್ಲಿ ಕೆಲಸ ಬಿಟ್ಟರೂ ಆಗಲೇ ಖರ್ಚು ಮಾಡಿದ್ದನ್ನು ಕಂಪನಿ ವಾಪಸ್ ಕೇಳುವಂತಿಲ್ಲ. ಇದನ್ನು ಕೇಳಿ ನನ್ನ ತಮ್ಮ "ಇದು ಚೀಟಿ ಹಣ ಮೊದಲ ತಿಂಗಳೇ ಎತ್ತಿದ ಹಾಗಲ್ವಾ" ಅಂದ. ಸರಿಯಾಗಿಯೇ ಹೇಳಿದ, ಕಸರು ಕೂಡ ಇಲ್ಲ.

ತೊಂದರೆ ಇರುವುದು ಬೇರೆ ಕಡೆ. ಮುಂದಿನ ವರ್ಷಕ್ಕೆ ಎಷ್ಟು ಎತ್ತಿಡುತ್ತೀರಿ ಅಂತ ನಮ್ಮಲ್ಲಿ ನವೆಂಬರ್‌ನಲ್ಲೇ ಹೇಳಬೇಕು. ಬಸುರಿ ಆದೆ ಅಂತ ವರ್ಷದ ಮಧ್ಯೆ ಬದಲಿಸಲು ಬರುವುದಿಲ್ಲ. ಮಗು ಹುಟ್ಟಿದ ಮೇಲೆ ಬದಲಿಸಬಹುದು, ಆದರೆ ಆಗ ಏರಿಸಿದ ದುಡ್ಡು ಅದಕ್ಕೆ ಮುಂಚೆ ಆದ ಖರ್ಚಿಗೆ ಸಿಗುವುದಿಲ್ಲ. ಜನವರಿಯಲ್ಲಿ ಹೆರಿಗೆ ಅಂತಾದ ನನಗೆ ಇದು ಅದೃಷ್ಟವೇ. ನವೆಂಬರ್ 2023ರಲ್ಲಿ ಕಣ್ಣು ಮುಚ್ಚಿ 3,200 ಹಾಕಿದೆ.

ಕಣ್ಣು ಮುಚ್ಚಿ ಅಂದೆ, ನಿಜವಾಗಿ ಒಂದು ಗುಂಡಿ ಕಾಣದೆ ಬೀಳುತ್ತಿದ್ದೆವು. ನನ್ನ ಗಂಡನ ಆಫೀಸಿನಲ್ಲಿ ಅವನಿಗೆ ಎಚ್‌ಎಸ್‌ಎ ಇದೆ, ಅದೂ ಟ್ಯಾಕ್ಸ್ ಇಲ್ಲದೆ ವೈದ್ಯಕೀಯ ಖರ್ಚಿಗೆ ಕೂಡಿಡುವ, ಆದರೆ ವರ್ಷ ಕಳೆದರೂ ಉಳಿಯುವ ಖಾತೆ. ಹೆಂಡತಿಗೆ ಸಾಮಾನ್ಯ ಎಫ್‌ಎಸ್‌ಎ ಇದ್ದರೆ ಗಂಡ ಎಚ್‌ಎಸ್‌ಎಗೆ ದುಡ್ಡು ಹಾಕುವಂತಿಲ್ಲ, ಯಾಕೆಂದರೆ ಅವಳ ಎಫ್‌ಎಸ್‌ಎಯಿಂದ ಅವನ ಖರ್ಚೂ ತೀರಿಸಬಹುದು ಅಂತ ಲೆಕ್ಕ. ಬೇರೆ ಬೇರೆ ಕಂಪನಿಯಾದರೂ ಅಷ್ಟೇ. ಇದನ್ನು ಯಾವ ಎಚ್‌ಆರ್ ಕೂಡ ಹೇಳಲಿಲ್ಲ, ಅವರಿಗೆ ಇನ್ನೊಬ್ಬರ ಕಂಪನಿಯ ವಿಷಯ ಗೊತ್ತಾಗುವುದೂ ಇಲ್ಲ. ಟ್ಯಾಕ್ಸ್ ಮಾಡಿಕೊಡುವವರು ಬೇರೆ ಏನೋ ಮಾತಾಡುತ್ತಾ ಹೇಳಿದ್ದು. 2024ಕ್ಕೆ ಅವನ ಎಚ್‌ಎಸ್‌ಎ ಕಂತು ನಿಲ್ಲಿಸಿದೆವು. ಹಳೆಯದಾಗಿ ಅದರಲ್ಲಿ ಇದ್ದ 900 ಡಾಲರ್ ಮಾತ್ರ ಅವನದೇ, ನನ್ನ ಖರ್ಚಿಗೂ ಬಳಸಬಹುದು. ಅದು ಆಮೇಲೆ ಉಪಯೋಗಕ್ಕೆ ಬಂತು.

ಇನ್ನು ಪತ್ರದ ವಿಷಯ. ಡೂಲಾ ಖರ್ಚು ಕೊಡಲು ನಮ್ಮ ಎಫ್‌ಎಸ್‌ಎ ನೋಡಿಕೊಳ್ಳುವವರು ಡಾಕ್ಟರಿಂದ ವೈದ್ಯಕೀಯ ಅಗತ್ಯದ ಪತ್ರ ಬೇಕು ಅಂದರು. ಕ್ಲಿನಿಕ್‌ನಲ್ಲಿ ಕೇಳಿದೆ, ಮರುದಿನವೇ ಕೊಟ್ಟರು. "ಇವರಿಗೆ ಡೂಲಾ ಇದ್ದರೆ ಒಳ್ಳೆಯದು" ಅಂತ ಎರಡು ಸಾಲು. ತಿರಸ್ಕಾರ. ರೋಗದ ಅಥವಾ ಸ್ಥಿತಿಯ ಕೋಡ್ ಇಲ್ಲ, ಯಾವುದಕ್ಕೆ ಅಂತ ಇಲ್ಲ, ಎಷ್ಟು ದಿನ ಅಂತ ಇಲ್ಲ. ಎರಡನೇ ಸಲ ನಾನೇ ಒಂದು ಚೀಟಿಯಲ್ಲಿ ಬೇಕಾದ್ದೆಲ್ಲ ಬರೆದುಕೊಂಡು ಹೋದೆ. ಅಲ್ಲಿನ ಮಿಡ್‌ವೈಫ್ ಓದಿ ನಕ್ಕು, ನನ್ನ ಬಿಪಿ ಏರಿಳಿತದ ವಿಷಯವನ್ನೂ ಸೇರಿಸಿ, ಅಕ್ಟೋಬರ್‌ನಿಂದ ಮಾರ್ಚ್ ತನಕ ಅಂತ ತಾರೀಖು ಹಾಕಿ ಸಹಿ ಮಾಡಿಕೊಟ್ಟಳು. ಪತ್ರದ ತಾರೀಖು ಸೇವೆ ಶುರುವಾಗುವ ಮೊದಲಿನದೇ ಇರಲಿ. ಮೊದಲೇ ಕೇಳಿದ್ದರಿಂದ ಬಚಾವಾದೆ.

ಡಿಸೆಂಬರ್ ಕೊನೆಯಷ್ಟು ನಗು ಬರುವ ದಿನಗಳನ್ನು ನಾನು ಕಂಡಿಲ್ಲ, ಈಗ ನೋಡಿದರೆ. ಡಿಸೆಂಬರ್ 30ರ ರಾತ್ರಿ ಹೊಟ್ಟೆ ಹಿಡಿದುಕೊಂಡು ಬಂತು. ಗಂಡ ಬ್ಯಾಗು ಎತ್ತಿಕೊಂಡ. ನಾನು ನೋವಿನಲ್ಲೂ "ಇನ್ನೆರಡು ದಿನ, ಇನ್ನೆರಡು ದಿನ" ಅಂತಿದ್ದೆ. ಮಗು 2023ರಲ್ಲಿ ಹುಟ್ಟಿದರೆ ಹೆರಿಗೆಯ ಡೂಲಾ ಖರ್ಚು 2023ರದ್ದಾಗುತ್ತದೆ, ನನ್ನ 2024ರ ಎಫ್‌ಎಸ್‌ಎ ಅದಕ್ಕೆ ಒಂದು ಪೈಸೆಯೂ ಕೊಡುವುದಿಲ್ಲ! ಅದು ಸುಳ್ಳು ನೋವು. ಮಗಳು ಹುಟ್ಟಿದ್ದು ಜನವರಿ 2ರ ಬೆಳಗ್ಗೆ. ಹದಿನಾರು ಗಂಟೆ ಡೂಲಾ ನನ್ನ ಪಕ್ಕದಲ್ಲೇ ಇದ್ದಳು, ಅದರಲ್ಲಿ ಹತ್ತು ಗಂಟೆ ನನ್ನ ಗಂಡನೂ ಇದ್ದ, ಉಳಿದ ಹೊತ್ತು ಕುರ್ಚಿಯಲ್ಲಿ ಗೊರಕೆ.

ಹದಿನೈದು ದಿನ ಬಿಟ್ಟು ಕ್ಲೇಮ್ ಹಾಕಿದೆ. ಡೂಲಾ ಜೊತೆ ಸೆಪ್ಟೆಂಬರ್‌ನಲ್ಲಿ ಮಾಡಿದ ಒಪ್ಪಂದ, ಆಗ ಕೊಟ್ಟ 700ರ ರಸೀದಿ, ಡಿಸೆಂಬರ್‌ನಲ್ಲಿ ಕೊಟ್ಟ 1,400ರ ರಸೀದಿ. ತಿರಸ್ಕಾರ. ಕಾರಣ: ಎಲ್ಲಾ ಕಾಗದದ ಮೇಲೂ 2023. ಫೋನ್ ಮಾಡಿ ಮುಕ್ಕಾಲು ಗಂಟೆ ಸಂಗೀತ ಕೇಳಿದ ಮೇಲೆ ಒಬ್ಬಾಕೆ ಬಿಡಿಸಿ ಹೇಳಿದಳು. ದುಡ್ಡು ಯಾವತ್ತು ಕೊಟ್ಟಿರಿ ಅನ್ನುವುದು ಇವರಿಗೆ ಲೆಕ್ಕಕ್ಕೇ ಇಲ್ಲ, ಸೇವೆ ಯಾವತ್ತು ಆಯಿತು ಅನ್ನುವುದೇ ಲೆಕ್ಕ. ಡೂಲಾಗಳು ಸಾಮಾನ್ಯವಾಗಿ ಮುಂಗಡ ತಗೊಳ್ಳುತ್ತಾರೆ, ಪ್ಯಾಕೇಜ್ ಅಂತ ಒಂದೇ ಮೊತ್ತ ಬರೆಯುತ್ತಾರೆ, ಆದ್ದರಿಂದ ಈ ಕ್ಲೇಮ್‌ಗಳು ಇಲ್ಲೇ ಸಾಯುತ್ತವೆ. ಒಪ್ಪಂದಕ್ಕೆ ಸಹಿ ಹಾಕುವ ದಿನವೇ ಡೂಲಾಗೆ ಹೇಳಿಬಿಡಿ, ತಾರೀಖುವಾರು ಬಿಲ್ ಬೇಕು ಅಂತ. ನಾನು ಹೇಳಿರಲಿಲ್ಲ. ಅವಳು ಪಾಪ, ತನ್ನ ಡೈರಿ ನೋಡಿ ಹೊಸದಾಗಿ ಬರೆದುಕೊಟ್ಟಳು: ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಎರಡು ಭೇಟಿ ಮತ್ತು ಫೋನ್ ಮಾತುಕತೆ 500, ಜನವರಿ 1-2 ಹೆರಿಗೆ 1,300, ಜನವರಿಯಲ್ಲಿ ಮನೆಗೆ ಎರಡು ಭೇಟಿ 300. ಅವಳ ಟ್ಯಾಕ್ಸ್ ನಂಬರ್, ಪ್ರಮಾಣಪತ್ರದ ನಂಬರ್, ನನ್ನ ಹೆಸರು. ತಿರಸ್ಕಾರದ ವಿರುದ್ಧ ಮೇಲ್ಮನವಿಗೆ 180 ದಿನ ಇತ್ತು, ಬೇಕಾಗಲಿಲ್ಲ. ಹೊಸ ಬಿಲ್ಲು, ಮಿಡ್‌ವೈಫ್ ಪತ್ರ ಎರಡನ್ನೂ ಹಾಕಿದೆ, ಮೂರು ವಾರದಲ್ಲಿ 1,600 ಡಾಲರ್ ಅಕೌಂಟಿಗೆ ಬಂತು. 2023ರ ಆ 500ನ್ನು ಗಂಡನ ಹಳೇ ಎಚ್‌ಎಸ್‌ಎಯಿಂದ ತೆಗೆದೆವು. ಅಲ್ಲಿ ಯಾರನ್ನೂ ಕೇಳಬೇಕಿಲ್ಲ, ಬಿಲ್ಲೂ ಪತ್ರವೂ ಫೈಲಿನಲ್ಲಿಟ್ಟರೆ ಸಾಕು, ಟ್ಯಾಕ್ಸಿನವರು ಎಂದಾದರೂ ಕೇಳಿದರೆ ತೋರಿಸಲು. ಎಫ್‌ಎಸ್‌ಎಯಲ್ಲಿ ಉಳಿದ 1,600 ಆಸ್ಪತ್ರೆಯ ಡಿಡಕ್ಟಿಬಲ್, ಅಂದರೆ ಇನ್ಶೂರೆನ್ಸ್ ಕೊಡಲು ಶುರು ಮಾಡುವ ಮೊದಲು ನಾವೇ ಕಟ್ಟಬೇಕಾದ ಪಾಲು, ನುಂಗಿತು.

ಒಂದು ಕಹಿ: ಈ ಎರಡೂ ಖಾತೆಗಳಿಗೆ ಕೊಡುವ ಟ್ಯಾಕ್ಸ್ ವಿನಾಯಿತಿ ಫೆಡರಲ್ ಮಟ್ಟದ್ದು. ನ್ಯೂಜೆರ್ಸಿ ರಾಜ್ಯ ಅದನ್ನು ಒಪ್ಪುವುದಿಲ್ಲ, ತನ್ನ ಪಾಲು ತಗೊಂಡೇ ಬಿಡುತ್ತದೆ.

ಬಾಣಂತನದ ಡೂಲಾ ವಿಷಯಕ್ಕೆ ಬಂದರೆ, ಅಲ್ಲಿ ನಾನು ದುರಾಸೆ ಮಾಡಿದೆ ಅನ್ನಬಹುದು. ಅದನ್ನೂ ಎಫ್‌ಎಸ್‌ಎಗೇ ಹಾಕಿದೆ. ಬಿಲ್ಲಿನ ಮೊದಲ ಸಾಲೇ "ನವಜಾತ ಶಿಶುವಿನ ಆರೈಕೆ". ಆರೋಗ್ಯವಾಗಿರುವ ಮಗುವನ್ನು ನೋಡಿಕೊಳ್ಳಲು ಕೊಟ್ಟ ದುಡ್ಡು ವೈದ್ಯಕೀಯ ಖರ್ಚಲ್ಲ ಅಂತ ಅಮೆರಿಕದ ಟ್ಯಾಕ್ಸ್ ಇಲಾಖೆಯ 502ನೇ ಪುಸ್ತಿಕೆಯಲ್ಲಿ ನೇರವಾಗಿ ಬರೆದಿದೆ. ಎದೆಹಾಲು ಕುಡಿಸಲು ಕಲಿಸಿದ ಗಂಟೆಗಳನ್ನು ಬೇರೆ ಮಾಡಿಸಿ ಮತ್ತೆ ಹಾಕಬಹುದಿತ್ತು. ಆದರೆ ನಿಜ ಹೇಳಬೇಕೆಂದರೆ ಅವಳು ಮಾಡಿದ್ದರಲ್ಲಿ ಮುಕ್ಕಾಲು ಪಾಲು ಮಗುವನ್ನು ಎತ್ತಿಕೊಂಡು ನನ್ನನ್ನು ಮಲಗಲು ಬಿಟ್ಟದ್ದು. ಅದಕ್ಕೆ ಬೇರೆ ಹೆಸರು ಬರೆಸಲು ಮನಸ್ಸಾಗಲಿಲ್ಲ, ಬರೆಸುವುದು ಸರಿಯೂ ಅಲ್ಲ. ಆ ಬಿಲ್ಲನ್ನು ಕಂಪನಿಯ 1,000 ಡಾಲರ್ ಸೌಲಭ್ಯಕ್ಕೆ ಹಾಕಿದೆ. ಅಲ್ಲಿ ಡಾಕ್ಟರ್ ಪತ್ರ ಬೇಡ, ಮಗುವೋ ತಾಯಿಯೋ ಅಂತ ಕೇಳುವುದಿಲ್ಲ, ಪ್ರಮಾಣಪತ್ರ ಇದ್ದರೆ ಸಾಕು. ಒಂದೇ ಬಿಲ್ಲನ್ನು ಎರಡು ಕಡೆ ಹಾಕುವಂತಿಲ್ಲ, ಆದ್ದರಿಂದ ಯಾವುದು ಎಲ್ಲಿಗೆ ಅಂತ ಮೊದಲೇ ಯೋಚಿಸಿ. ಷರತ್ತು ಕಡಿಮೆ ಇರುವ ಕಡೆಗೆ ಷರತ್ತು ದಾಟದ ಬಿಲ್ಲು. ಉಳಿದ 280 ಕೈಯಿಂದ ಹೋಯಿತು.

ಬೆಂಗಳೂರಿನ ನನ್ನ ಕಸಿನ್‌ಗೆ ಇದನ್ನೆಲ್ಲ ಹೇಳಿದಾಗ ಅವಳು ಕೇಳಿದ್ದು ದುಡ್ಡಿನ ಬಗ್ಗೆ ಅಲ್ಲ, ರಜೆಯ ಬಗ್ಗೆ. ಅವಳಿಗೆ 26 ವಾರ ಸಂಬಳದ ರಜೆ, ತಾಯಿಮನೆ ಎರಡು ಬಸ್ ಸ್ಟಾಪ್ ದೂರ. ಇಲ್ಲಿ ಫೆಡರಲ್ ಕಾನೂನು ಕೊಡುವುದು 12 ವಾರ, ಅದೂ ಸಂಬಳ ಇಲ್ಲದೆ. "ನಿನಗೆ ಡೂಲಾ ಅಲ್ಲ, ನಮ್ಮಮ್ಮ ಬೇಕಿತ್ತು" ಅಂದಳು. ಹೌದು.

ಬಾಣಂತನದ ಆ ಡೂಲಾ ಅಮ್ಮನನ್ನು ಬಿಟ್ಟು ಕೆಲಸ ಮಾಡಲೇ ಇಲ್ಲ ಅನ್ನಿ. ಮೊದಲ ದಿನವೇ ಅಮ್ಮ ವಾಟ್ಸಾಪ್ ವಿಡಿಯೋದಲ್ಲಿ ಅವಳಿಗೆ ಮೆಂತ್ಯದ ಗಂಜಿ ಕಲಿಸಿದಳು. ನನ್ನ ಗಂಡ ಮಧ್ಯೆ ನಿಂತು ಅನುವಾದ. ಬೆಲ್ಲ ಎಷ್ಟು, ತುಪ್ಪ ಎಷ್ಟು, ಸೌಟು ಹೇಗೆ ತಿರುಗಿಸಬೇಕು. ಓಕ್ ಟ್ರೀ ರಸ್ತೆಯ ಅಂಗಡಿಯಿಂದ ಸಬ್ಬಸಿಗೆ ಸೊಪ್ಪು ತಂದು ಕೊಟ್ಟರೆ ಅದರ ಪಲ್ಯವನ್ನೂ ಮಾಡಿದಳು. ಅಮ್ಮ ಮಾಡಿದ ಹಾಗೆ ಇರಲಿಲ್ಲ. ತಿಂದೆ.

ಅಮ್ಮ ಬಂದದ್ದು 2024ರ ಅಕ್ಟೋಬರ್‌ನಲ್ಲಿ. 2025ರ ಜನವರಿಯಲ್ಲಿ ನನ್ನ ಡಬ್ಲ್ಯೂ-2, ಅಂದರೆ ವರ್ಷದ ಸಂಬಳ ಮತ್ತು ಟ್ಯಾಕ್ಸಿನ ಲೆಕ್ಕದ ಕಾಗದ, ಬಂದಾಗ ಪಕ್ಕದಲ್ಲೇ ಕೂತಿದ್ದಳು. ಸಂಬಳದ ಮೇಲೆ ಒಂದು ಸಾವಿರ ಸೇರಿಸಿದ್ದರು. ಫೆಡರಲ್, ರಾಜ್ಯ, ಸೋಶಿಯಲ್ ಸೆಕ್ಯುರಿಟಿ ಎಲ್ಲ ಹೋಗಿ ಕೈಯಲ್ಲಿ ಉಳಿದದ್ದು ಆರುನೂರ ಚಿಲ್ಲರೆ. ಇದೇನು ಅಂತ ಕೇಳಿದಳು, ಡೂಲಾದು ಅಂದೆ, ಹಳೇ ಬಿಲ್ಲು ತೆಗೆದು ತೋರಿಸಿದೆ. ಅದರಲ್ಲಿ ಒಂದು ಸಾಲು, ಜನವರಿ 9, ತಾಯಿಗೆ ಊಟ ತಯಾರಿ, 45 ನಿಮಿಷ, 30 ಡಾಲರ್.

"ಇದು ನನ್ನ ಗಂಜಿನಾ?" ಅಂದಳು ಅಮ್ಮ. "ಕಲಿಸಿದ್ದು ನಾನು, ಅವಳಿಗೆ ಮೂವತ್ತು ಡಾಲರಾ?"

"ಅವಳಿಗೆ ಮೂವತ್ತು, ನನಗೆ ಅದರ ಮೇಲೆ ಟ್ಯಾಕ್ಸ್" ಅಂದೆ.