ಹಿಮ್ಮುಳ್ಳಿಲ್ಲದ ಗಾಳದಲ್ಲಿ ಕಾಳಿ ಅಳಿವೆಯ ಮೀನು: ನನ್ನ ಅನುಭವ

ಹೊಸಬರ ಕೈಗೆ ಹಿಮ್ಮುಳ್ಳಿಲ್ಲದ (ತುದಿಯ ಬಳಿ ಹಿಂದಕ್ಕೆ ಚಾಚುವ ಕಿರುಮುಳ್ಳಿಲ್ಲದ) ಸರ್ಕಲ್ ಹುಕ್ (ತುದಿ ಒಳಕ್ಕೆ ಬಾಗಿದ ದುಂಡು ಗಾಳ) ಕೊಟ್ಟರೆ ಮೀನು ನಿಲ್ಲುವುದೇ ಇಲ್ಲ ಎಂದು ಕಾರವಾರದ ಕಾಳಿ ನದಿಯ ಅಳಿವೆಯ ಆಸುಪಾಸಿನಲ್ಲಿ, ಕೋಡಿಬಾಗದಿಂದ ಮಾಜಾಳಿಯವರೆಗೆ ನನಗೆ ಹೇಳದವರಿಲ್ಲ. ನನ್ನನ್ನೂ ನಾನು ಕಲಿಸುವ ಹೊಸಬರನ್ನೂ ಕರೆದೊಯ್ಯುವ ಅಂಕೋಲೆ ಕಡೆಯ ಹಿರಿಯ ದೋಣಿಯವರಂತೂ ಪ್ರತಿ ಸಲ, “ಮುಳ್ಳೇ ಇಲ್ದಿದ್ರೆ ಮೀನ್ ನಿಲ್ಲೂದ್ ಹ್ಯಾಂಗಾ ತಮಾ?” ಎಂದು ಕೇಳುತ್ತಿದ್ದರು. ಕಳೆದ ಚಳಿಗಾಲದಲ್ಲಿ, ಅದುವರೆಗೆ ರಾಡ್ ಮುಟ್ಟಿಯೇ ಗೊತ್ತಿಲ್ಲದ ಹುಡುಗನೊಬ್ಬ ಅದೇ ಗಾಳದಲ್ಲಿ ಸುಮಾರು ನಾಲ್ಕು ಕೆ.ಜಿ. ತೂಗುವ ಚೊಣಕವನ್ನು (ಕುರುಡಿ ಮೀನು) ದೋಣಿಯ ಬದಿಗೆ ತಂದ ಮೇಲೆ ಆ ಪ್ರಶ್ನೆ ನಿಂತಿತು. ರಾಡ್, ರೀಲು, ಗಂಟುಗಳ ಪರಿಚಯ ನಿಮಗಿದೆ ಎಂದುಕೊಂಡು ಬರೆಯುತ್ತಿದ್ದೇನೆ.

ನಾನು ಈ ಹಟಕ್ಕೆ ಬಿದ್ದದ್ದು ಸುರಕ್ಷತೆಗಾಗಿ. ಹೊಸಬರು ಎಸೆಯುವಾಗ ಹಿಂದೆ ಯಾರಿದ್ದಾರೆಂದು ನೋಡುವುದಿಲ್ಲ. ಹಿಮ್ಮುಳ್ಳಿರುವ ಗಾಳ ಅಂಗೈಗೋ ಕಿವಿಗೋ ನಾಟಿತೆಂದರೆ ಅಂದಿನ ಬೇಟೆ ಆಸ್ಪತ್ರೆಯಲ್ಲಿ ಮುಗಿಯುತ್ತದೆ. ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ ಗಾಳವಾದರೆ ಬಹಳ ಸಲ ಬಂದ ದಾರಿಯಲ್ಲೇ ಹೊರಬರುತ್ತದೆ. ಕಣ್ಣಿನ ಹತ್ತಿರ ನಾಟಿದ್ದನ್ನು ಮಾತ್ರ ಯಾವ ಗಾಳವಾದರೂ ನಾವು ಮುಟ್ಟಕೂಡದು.

ಮೊದಲ ಹಂಗಾಮು ಪೂರ್ತಿ ಸೋಲು. ಮೀನು ಕಚ್ಚಿದ ಕೂಡಲೇ ರಾಡನ್ನು ಜಗ್ಗುವ ಅಭ್ಯಾಸ ಸಾಮಾನ್ಯ ಗಾಳಕ್ಕೆ ಸರಿ, ಸರ್ಕಲ್ ಹುಕ್ಕಿಗೆ ಅದೇ ವಿಷ. ಮೀನು ಇರೆಯನ್ನು ಬಾಯಿಗೆ ಹಾಕಿಕೊಂಡು ತಿರುಗಿ ಹೊರಟಾಗ, ಬಿಗಿಯಾಗಿರುವ ದಾರವೇ ಗಾಳವನ್ನು ಎಳೆತಂದು ದವಡೆಯ ಮೂಲೆಗೆ ಕೂರಿಸುತ್ತದೆ. ನಡುವೆ ಜಗ್ಗಿದರೆ ಗಾಳ ಬರಿದಾಗಿ ಹೊರಬರುತ್ತದೆ. ಬಾಯಿಮಾತಿನಲ್ಲಿ ಎಷ್ಟು ಹೇಳಿದರೂ ಫಲವಿರಲಿಲ್ಲ, ವಿಡಿಯೊ ನೋಡಿ ಬಂದವರೆಲ್ಲ ಜಗ್ಗಿಯೇ ಜಗ್ಗಿದರು. ಕಡೆಗೆ ರಾಡನ್ನು ದೋಣಿಯ ರಾಡ್ ಹೋಲ್ಡರಿನಲ್ಲಿ ನಿಲ್ಲಿಸಿ, ಅದು ಬಾಗಿ ಹಾಗೆಯೇ ನಿಲ್ಲುವವರೆಗೆ ಯಾರೂ ಮುಟ್ಟಕೂಡದೆಂದು ಕಟ್ಟು ಮಾಡಿದೆ. ಬಾಗಿದ ಮೇಲೆ ಕೆಲಸ ಒಂದೇ, ದಾರ ಸಡಿಲಾಗದಂತೆ ಸುತ್ತುತ್ತಿರುವುದು. ಅಂದಿನಿಂದ ಕಚ್ಚಿದ ಮೂರರಲ್ಲಿ ಎರಡು ಮೀನುಗಳಾದರೂ ದೋಣಿಯವರೆಗೆ ಬರುತ್ತಿವೆ, ಬಹುಪಾಲು ಗಾಳ ದವಡೆಯ ಮೂಲೆಯಲ್ಲೇ ಸಿಗುತ್ತದೆ.

ಇನ್ನೊಂದು ತೊಡಕು ಇರೆಯಾಗಿ ಹಾಕುವ ಜೀವಂತ ಸೀಗಡಿಯದು. ಅದನ್ನು ಮೈತುಂಬ ಪೋಣಿಸಿದರೆ ಗಾಳದ ಬಾಯಿ ಮುಚ್ಚಿಹೋಗುತ್ತದೆ. ಆದ್ದರಿಂದ ತಲೆಯ ಕೊಂಬಿನ ಬುಡದಲ್ಲಿ, ಒಳಗೆ ಕಾಣುವ ಕಪ್ಪು ಚುಕ್ಕೆಯನ್ನು ತಪ್ಪಿಸಿ ಚುಚ್ಚಬೇಕು. ಸೀಗಡಿ ಈಜುತ್ತಲೇ ಇರುತ್ತದೆ, ಗಾಳದ ತುದಿಯೂ ಹೊರಗಿರುತ್ತದೆ. ಅದನ್ನು ಬಿಸಿಲೇರುವವರೆಗೆ ಡಬ್ಬಿಯಲ್ಲಿ ಜೀವಂತವಾಗಿಡಲು ನಾನು ಕಂಡುಕೊಂಡ ಉಪಾಯವೊಂದಿದೆ, ಅದು ಸದ್ಯ ನನ್ನಲ್ಲೇ ಇರಲಿ. ಬಂಗುಡೆ ತುಂಡನ್ನೂ ಪರೀಕ್ಷಿಸಿದೆ: ಖರ್ಚು ಕಡಿಮೆ, ಆದರೆ ಹತ್ತುವುದೆಲ್ಲ ಶೇಡೆ (ಮೀಸೆಯಿರುವ ಬೆಕ್ಕುಮೀನು). ಅದರ ಬೆನ್ನಿನ ಮತ್ತು ಎರಡು ಪಕ್ಕದ ಮುಳ್ಳುಗಳು ನಂಜಿನವು. ಚುಚ್ಚಿದರೆ ಸಹಿಸುವಷ್ಟು ಬಿಸಿಯಾದ, 45 ಡಿಗ್ರಿ ಮೀರದ ನೀರಿನಲ್ಲಿ ಅರ್ಧ ಗಂಟೆಗೂ ಹೆಚ್ಚು ಮುಳುಗಿಸಿಟ್ಟರೆ ನೋವು ಇಳಿಯುತ್ತದೆ. ಅದಕ್ಕಾಗಿಯೇ ಥರ್ಮಾಸ್ ಒಯ್ಯುತ್ತೇನೆ.

ಖರ್ಚಿನ ಮಾತು. ಗಾಳಗಳಿಗೇ ಆರೇಳು ಸಾವಿರ ಹೋಯಿತು. ಆನ್‌ಲೈನಿನಲ್ಲಿ ತರಿಸಿದ ಒಂದು ಕಟ್ಟಿನ ಅರ್ಧದಷ್ಟು ಗಾಳಗಳು ಹಿಮ್ಮುಳ್ಳು ಒತ್ತುವಾಗಲೇ ಮುರಿದವು, ಹಣ ವಾಪಸ್ಸು ಬರಲಿಲ್ಲ. ಮೀನನ್ನು ನೀರಿನಿಂದ ಎತ್ತುವ ರಬ್ಬರ್ ಬಲೆಯ ಕೈಜಾಳಿಗೆಗೆ ಎರಡೂವರೆ ಸಾವಿರ. ಗಂಟು ಹಾಕಿದ ನೈಲಾನ್ ಬಲೆ ಮೀನಿನ ಮೈಲೋಳೆಯನ್ನು ಉಜ್ಜಿ ತೆಗೆಯುವುದರಿಂದ ಈ ಖರ್ಚಿನಲ್ಲಿ ಉಳಿತಾಯ ಬೇಡ. ದಾರ ಕಡಿದು ಮೀನಿನ ಬಾಯಲ್ಲೇ ಉಳಿಯುವ ಗಾಳದ ಗತಿ ಏನೆಂದು ತಿಳಿಯಲು ಉಪ್ಪುನೀರಿನ ಬಾಟಲಿಯಲ್ಲಿ ಸ್ಟೇನ್‌ಲೆಸ್ ಮತ್ತು ಸಾದಾ ಉಕ್ಕಿನ ಗಾಳಗಳನ್ನು ಹಾಕಿಟ್ಟಿದ್ದೆ. ಒಂದೆರಡು ತಿಂಗಳಲ್ಲಿ ಸಾದಾ ಗಾಳ ತುಕ್ಕು ತಿಂದು ಬೆರಳಲ್ಲೇ ಮುರಿಯಿತು, ಸ್ಟೇನ್‌ಲೆಸ್ ಹೊಳೆಯುತ್ತಲೇ ಇತ್ತು. ಅಂದಿನಿಂದ ಸ್ಟೇನ್‌ಲೆಸ್ ಕೊಳ್ಳುತ್ತಿಲ್ಲ.

ಚೊಣಕದ ಕಿವಿರುಮುಚ್ಚಳದ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ. ಹಾಗಾಗಿ ಅಲ್ಲಿ ಬೆರಳು ತೂರಿಸದೆ, ಒದ್ದೆ ಕೈಯಲ್ಲಿ ಕೆಳದವಡೆ ಹಿಡಿದು, ಇನ್ನೊಂದು ಕೈಯಿಂದ ಹೊಟ್ಟೆಗೆ ಆಧಾರ ಕೊಟ್ಟು, ಮೀನು ನೀರಿನಲ್ಲಿರುವಾಗಲೇ ಗಾಳ ತಿರುಗಿಸಿ ಬಿಡಿಸುತ್ತೇವೆ. ಈ ಮೀನು ಮೊದಲು ಗಂಡಾಗಿ ಬಲಿತು, ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಹೀಗಿರುವಾಗ ದೊಡ್ಡದನ್ನೇ ಆರಿಸಿ ಕೊಂದರೆ ಮೊಟ್ಟೆಯಿಡುವ ತಾಯಿಮೀನುಗಳೇ ಖಾಲಿಯಾಗುತ್ತವೆ. ಚಿಕ್ಕದನ್ನೂ ಬಹಳ ದೊಡ್ಡದನ್ನೂ ಬಿಟ್ಟು, ಸಾರು ಮಾಡಲು ನಡುಗಾತ್ರದ ಒಂದನ್ನು ಮಾತ್ರ ಇಟ್ಟುಕೊಳ್ಳುವುದು ನಮ್ಮ ರೂಢಿ. ಆ ಹುಡುಗನ ಮೀನು ಕೂಡ ಫೋಟೊ ಆದ ಮೇಲೆ ಹೊಳೆಗೇ ಹೋಯಿತು.

ದೋಣಿ ಹತ್ತುವ ಮೊದಲೇ ಎಲ್ಲರ ಮೈಮೇಲೆ ಲೈಫ್ ಜಾಕೆಟ್ ಇರಬೇಕು, ಈಜು ಬಲ್ಲವರಿಗೂ ವಿನಾಯಿತಿಯಿಲ್ಲ. ಮರಳುದಿಬ್ಬದಲ್ಲಿ ಇಳಿದು ನಡೆಯುವಾಗ ಪಾದ ಎತ್ತದೆ ಎಳೆದುಕೊಂಡೇ ಸಾಗಬೇಕು, ಹುದುಗಿರುವ ತೊರಕೆ (ಬಾಲದಲ್ಲಿ ನಂಜಿನ ಮುಳ್ಳಿರುವ ಚಪ್ಪಟೆ ಮೀನು) ಆಗ ಸರಿದು ಹೋಗುತ್ತದೆ. ಕಾರ್ಬನ್ ರಾಡಿನಲ್ಲಿ ವಿದ್ಯುತ್ ಹರಿಯುವುದರಿಂದ ಗುಡುಗು ಕೇಳಿದ ಕ್ಷಣವೇ ರಾಡ್ ಮಲಗಿಸಿ ದಡ ಸೇರುತ್ತೇವೆ. ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ನಾವೂ ಗಾಳ ಹಾಕುವುದಿಲ್ಲ; ಚೊಣಕ ಅಳಿವೆಯಲ್ಲಿ ಮೊಟ್ಟೆಯಿಡುವುದು ಮಳೆಗಾಲದಲ್ಲೇ. ಆಗಸ್ಟ್ ಬಂದರೂ ಕಾಳಿ ನದಿಯ ಮೇಲಿನ ಕದ್ರಾ ಅಣೆಕಟ್ಟೆಯಿಂದ ನೀರು ಬಿಡುತ್ತಿದ್ದಾರೆಯೇ ಎಂದು ವಿಚಾರಿಸಿಕೊಂಡೇ ಹೊಸಬರಿಗೆ ದಿನ ಗೊತ್ತುಮಾಡುತ್ತೇನೆ.