ಚಕ್ಕೋತದ ಮಗಳು ಮತ್ತು ಅಪ್ಪನ ಮಾತ್ರೆ

ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯಲ್ಲಿ ತರಕಾರಿ ಚೀಲ ಹಿಡಿದು ನಡೆಯುತ್ತಿದ್ದ ಅಪ್ಪ ಇದ್ದಕ್ಕಿದ್ದಂತೆ ಒಂದು ಅಂಗಡಿಯ ಗೋಡೆಗೆ ಕೈಕೊಟ್ಟು ನಿಂತುಬಿಟ್ಟರು. ತೊಡೆಯಲ್ಲಿ, ಮೀನಖಂಡದಲ್ಲಿ ಹಿಡಿದು ಹಿಂಡಿದಂಥ ನೋವು. ಮೂರು ವಾರಗಳಿಂದ ನಾನು ಅವರಿಗೆ ದಿನವೂ ಬೆಳಿಗ್ಗೆ ಒಂದು ದೊಡ್ಡ ಲೋಟ ಗ್ರೇಪ್‌ಫ್ರೂಟ್ (ದ್ರಾಕ್ಷಿಯಲ್ಲ, ಕಿತ್ತಳೆ ಜಾತಿಯ ಹಣ್ಣು) ರಸ ಹಿಂಡಿ ಕೊಡುತ್ತಿದ್ದೆ. ಹೃದಯಕ್ಕೆ ಒಳ್ಳೆಯದು, ಕೊಬ್ಬು ಇಳಿಸುತ್ತದೆ ಎಂದು ಎಲ್ಲೋ ಓದಿ, ಸೂಪರ್ ಮಾರ್ಕೆಟ್‌ನಿಂದ ದುಬಾರಿ ಬೆಲೆ ಕೊಟ್ಟು ಹೊರದೇಶದ ಹಣ್ಣು ತರುತ್ತಿದ್ದೆ. ರಾತ್ರಿ ಮಲಗುವ ಮುನ್ನ ಅವರು ಕೊಲೆಸ್ಟರಾಲ್‌ಗೆಂದು ಸಿಮ್ವಾಸ್ಟಾಟಿನ್ ಮಾತ್ರೆ ನುಂಗುತ್ತಿದ್ದರು. ಲೋಟ ಬೆಳಿಗ್ಗೆ, ಮಾತ್ರೆ ರಾತ್ರಿ; ಒಂದಕ್ಕೊಂದು ಸಂಬಂಧ ಇರಬಹುದೆಂದು ನನಗೆ ಹೊಳೆಯಲೇ ಇಲ್ಲ.

ವೈದ್ಯರು ಕೇಳಿದ ಮೊದಲ ಪ್ರಶ್ನೆಯೇ "ಈಚೆಗೆ ಹೊಸದಾಗಿ ಏನು ತಿನ್ನುತ್ತಿದ್ದೀರಿ?" ಎಂದು. ನಾನು ಹೆಮ್ಮೆಯಿಂದಲೇ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ರಕ್ತಪರೀಕ್ಷೆಗೆ ಬರೆದುಕೊಟ್ಟರು. ಸ್ನಾಯುಗಳು ಘಾಸಿಗೊಂಡಾಗ ಏರುವ ಕಿಣ್ವ ಅಪ್ಪನ ರಕ್ತದಲ್ಲಿ ಏರಿತ್ತು. ರಸ ಅಂದೇ ನಿಂತಿತು, ಮಾತ್ರೆಯನ್ನು ವೈದ್ಯರು ಸದ್ಯಕ್ಕೆ ನಿಲ್ಲಿಸಿದರು. ನೋವು ಇಳಿಯಲು ಎರಡು ವಾರ ಬೇಕಾಯಿತು.

ಅವರು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ನಮ್ಮ ಸಣ್ಣ ಕರುಳಿನ ಗೋಡೆಯಲ್ಲಿ ಸಿವೈಪಿ3ಎ4 ಎಂಬ ಕಿಣ್ವವಿದೆ. ಅದೊಂದು ಸುಂಕದ ಕಟ್ಟೆ. ಒಳಗೆ ಹೋಗುವ ಅನೇಕ ಔಷಧಿಗಳ ಒಂದು ಪಾಲನ್ನು ಅದು ಅಲ್ಲಿಯೇ ಒಡೆದುಹಾಕುತ್ತದೆ. ಆ ಸುಂಕವನ್ನು ಲೆಕ್ಕಹಾಕಿಯೇ ಮಾತ್ರೆಯ ಪ್ರಮಾಣ ನಿಗದಿಯಾಗಿರುತ್ತದೆ. ಗ್ರೇಪ್‌ಫ್ರೂಟ್‌ನಲ್ಲಿರುವ ಫ್ಯೂರಾನೊಕೌಮರಿನ್ ಎಂಬ ವಸ್ತುಗಳು ಆ ಕಿಣ್ವವನ್ನು ಕೆಲಸಕ್ಕೆ ಬಾರದಂತೆ ಮಾಡುತ್ತವೆ. ಕಟ್ಟೆ ಖಾಲಿಯಾದರೆ ಔಷಧಿ ಲೆಕ್ಕಕ್ಕಿಂತ ಹೆಚ್ಚಾಗಿ ರಕ್ತಕ್ಕೆ ನುಗ್ಗುತ್ತದೆ. ನುಂಗಿದ್ದು ಒಂದೇ ಮಾತ್ರೆಯಾದರೂ ದೇಹಕ್ಕೆ ಹಲವು ಮಾತ್ರೆ ನುಂಗಿದಂತೆ. ಕರುಳು ಹೊಸ ಕಿಣ್ವ ತಯಾರಿಸಿಕೊಳ್ಳಲು ಒಂದು ದಿನಕ್ಕೂ ಹೆಚ್ಚು ಬೇಕು. ಬೆಳಿಗ್ಗೆ ರಸ, ರಾತ್ರಿ ಮಾತ್ರೆ ಎಂಬ ನನ್ನ ಏರ್ಪಾಡಿನಿಂದ ಏನೂ ಪ್ರಯೋಜನವಾಗದಿದ್ದುದು ಇದಕ್ಕೇ.

ಇದು ಪತ್ತೆಯಾದದ್ದು ಆಕಸ್ಮಿಕವಾಗಿ. ಕೆನಡಾದ ಡೇವಿಡ್ ಬೈಲಿ ಮತ್ತು ಸಂಗಡಿಗರು ಫೆಲೋಡಿಪಿನ್ ಎಂಬ ರಕ್ತದೊತ್ತಡದ ಔಷಧಿಯ ಮೇಲೆ ಮದ್ಯದ ಪರಿಣಾಮವೇನೆಂದು ನೋಡಲು ಹೊರಟಿದ್ದರು. ಮದ್ಯದ ರುಚಿ ತಿಳಿಯದಿರಲೆಂದು ಗ್ರೇಪ್‌ಫ್ರೂಟ್ ರಸ ಬೆರೆಸಿದ್ದರು. ಔಷಧಿಯ ಮಟ್ಟ ರಕ್ತದಲ್ಲಿ ಲೆಕ್ಕಮೀರಿ ಏರಿತ್ತು, ಕಾರಣ ಮದ್ಯವಲ್ಲ, ರಸ. 1991ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅವರ ಪ್ರಬಂಧ ಬಂದ ಮೇಲೆ ವೈದ್ಯಲೋಕ ಎಚ್ಚೆತ್ತಿತು. ಕೊಲೆಸ್ಟರಾಲ್‌ಗೆ ಕೊಡುವ ಸಿಮ್ವಾಸ್ಟಾಟಿನ್, ಅಟೊರ್ವಾಸ್ಟಾಟಿನ್, ರಕ್ತದೊತ್ತಡಕ್ಕೆ ಕೊಡುವ ನಿಫೆಡಿಪಿನ್, ಮೂತ್ರಪಿಂಡ ಕಸಿ ಮಾಡಿಸಿಕೊಂಡವರು ತೆಗೆದುಕೊಳ್ಳುವ ಸೈಕ್ಲೊಸ್ಪೊರಿನ್ ಎಲ್ಲವೂ ಈ ರಸದೊಂದಿಗೆ ಕೂಡದ ಔಷಧಿಗಳ ಪಟ್ಟಿಯಲ್ಲಿವೆ.

"ಹಾಗಾದರೆ ನಮ್ಮ ಚಕ್ಕೋತವನ್ನೇ ತಿನ್ನುತ್ತೇನೆ" ಎಂದರು ಅಪ್ಪ. ದೇವನಹಳ್ಳಿ ಕಡೆಯವರು ಅವರು. ಅದೂ ಬೇಡವೆಂದು ವೈದ್ಯರು ತಲೆಯಾಡಿಸಿಬಿಟ್ಟರು. ಆ ಸಂಜೆ ಮನೆಗೆ ಬಂದು ಓದಿದಾಗ ಕಾರಣ ತಿಳಿಯಿತು. ಏಷ್ಯಾದ ಚಕ್ಕೋತ ಸಮುದ್ರ ದಾಟಿ ಕೆರಿಬಿಯನ್ ದ್ವೀಪಗಳಿಗೆ ಹೋಗಿ, ಅಲ್ಲಿನ ಬಾರ್ಬಡೋಸ್‌ನಲ್ಲಿ ಸಿಹಿ ಕಿತ್ತಳೆಯೊಂದಿಗೆ ತಾನಾಗಿ ಕೂಡಿ ಹುಟ್ಟಿದ್ದು ಗ್ರೇಪ್‌ಫ್ರೂಟ್. ಆ ಕಿತ್ತಳೆಯೂ ಹಿಂದೊಮ್ಮೆ ಚಕ್ಕೋತ ಮತ್ತು ಮ್ಯಾಂಡರಿನ್ ಎಂಬ ಇನ್ನೊಂದು ಕಿತ್ತಳೆ ಜಾತಿಯ ಹಣ್ಣು ಸೇರಿ ಆದದ್ದೇ. ಅಂದರೆ ನಮ್ಮ ಚಕ್ಕೋತ ಗ್ರೇಪ್‌ಫ್ರೂಟ್‌ಗೆ ತಾಯಿಯೂ ಹೌದು, ಅಜ್ಜಿಯೂ ಹೌದು. ಮಗಳಲ್ಲಿರುವ ಫ್ಯೂರಾನೊಕೌಮರಿನ್ ತಾಯಿಯ ಕಡೆಯಿಂದ ಬಂದದ್ದು.

ಗುಣಗಳೂ ಹಾಗೆಯೇ ಬಂದಿವೆ. 100 ಗ್ರಾಂ ಚಕ್ಕೋತದ ತೊಳೆಯಲ್ಲಿ ಸುಮಾರು 60 ಮಿಲಿಗ್ರಾಂ ಸಿ ಜೀವಸತ್ವವಿದೆ, ಗ್ರೇಪ್‌ಫ್ರೂಟ್‌ನಲ್ಲಿ ಅದರ ಅರ್ಧದಷ್ಟೋ ಸ್ವಲ್ಪ ಹೆಚ್ಚೋ. ನೀರು ಬಹಳ, ಸಕ್ಕರೆ ಕಡಿಮೆ, ನಾರು ಸಾಕಷ್ಟು. ಕೆಂಪು ತೊಳೆಗೆ ಆ ಬಣ್ಣ ಕೊಡುವುದು ಟೊಮೆಟೊದಲ್ಲಿರುವ ಲೈಕೊಪಿನ್. ತೂಕ ಇಳಿಸುವ ಮಾತಿಗೆ ಆಧಾರವೇ ಇಲ್ಲವೆಂದಲ್ಲ: 2006ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಊಟಕ್ಕೆ ಮುಂಚೆ ಅರ್ಧ ಗ್ರೇಪ್‌ಫ್ರೂಟ್ ತಿಂದವರು 12 ವಾರಗಳಲ್ಲಿ ಸರಾಸರಿ 1.6 ಕಿಲೋ ಇಳಿದಿದ್ದರು. ಮೂರು ತಿಂಗಳಿಗೆ ಒಂದೂವರೆ ಕಿಲೋ. ಸ್ಯಾಂಕಿ ಕೆರೆಯ ಸುತ್ತ ದಿನವೂ ನಡೆದರೆ ಅಷ್ಟು ಇಳಿಯುತ್ತದೆ ಎಂದು ನನ್ನ ಸ್ವಂತ ಅನುಭವ. ಹೊಟ್ಟೆ ತುಂಬಿಸುವ ಒಳ್ಳೆಯ ಹಣ್ಣು ಎಂದು ತಿನ್ನಿ, ಕೊಬ್ಬು ಕರಗಿಸುವ ಮದ್ದು ಎಂದಲ್ಲ.

ಇನ್ನು ಎಣ್ಣೆಯ ವಿಷಯ. ರಸದ ಜೊತೆಯಲ್ಲೇ ಒಂದು ಸಣ್ಣ ಸೀಸೆ ಗ್ರೇಪ್‌ಫ್ರೂಟ್ ಸಾರತೈಲವನ್ನೂ ತಂದಿದ್ದೆ. ಸಿಪ್ಪೆಯನ್ನು ಬಿಸಿ ಮಾಡದೆ ಒತ್ತಿ ತೆಗೆಯುವ ಎಣ್ಣೆ ಇದು. ಅದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಲಿಮೊನೀನ್ ಎಂಬ ವಸ್ತು. ಕುಡಿಯುವ ನೀರಿಗೆ ಎರಡು ಹನಿ ಹಾಕಿಕೊಳ್ಳಿ ಎಂದು ಪರಿಚಿತರೊಬ್ಬರು ಹೇಳಿದ್ದರು. ದೇವರ ದಯೆ, ಅಷ್ಟರಲ್ಲಿ ಗಣೇಶನ ಹಬ್ಬ ಬಂತು. ಮಂಟಪಕ್ಕೆಂದು ತಂದಿದ್ದ ಥರ್ಮಾಕೋಲ್ ಹಲಗೆಯ ಮೇಲೆ ಸೀಸೆಯಿಂದ ಒಂದು ಹನಿ ಬಿತ್ತು. ಒರೆಸಲು ಬಟ್ಟೆ ತರುವಷ್ಟರಲ್ಲಿ ಅಲ್ಲೊಂದು ಕುಳಿ ಬಿದ್ದಿತ್ತು, ಅಂಚು ಜಿಗುಟಾಗಿ ಕರಗಿ ಒಳಕ್ಕೆ ಇಳಿಯುತ್ತಿತ್ತು. ಥರ್ಮಾಕೋಲ್ ಎಂದರೆ ಪಾಲಿಸ್ಟೈರಿನ್, ಅದನ್ನು ಲಿಮೊನೀನ್ ಕರಗಿಸುತ್ತದೆ. ಹಣ್ಣಿನ ಸಿಪ್ಪೆಯಲ್ಲಿ ಲಿಮೊನೀನ್ ಲೇಶಮಾತ್ರ, ಸೀಸೆಯಲ್ಲಿ ಬಹುಪಾಲು ಅದೇ. ಈ ಎಣ್ಣೆಯನ್ನು ನಾನು ಬಾಯಿಗೆ ಹಾಕಿಕೊಳ್ಳುವುದಿಲ್ಲ, ಮನೆಯಲ್ಲಿ ಯಾರಿಗೂ ಕೊಡುವುದಿಲ್ಲ.

ಮೈಗೆ ಹಚ್ಚಿಕೊಳ್ಳುತ್ತೇನೆ, ಅಳತೆ ನೋಡಿಕೊಂಡು. 30 ಮಿಲಿಲೀಟರ್ ಕೊಬ್ಬರಿ ಎಣ್ಣೆಗೆ ಆರು ಹನಿ ಹಾಕಿದರೆ ಸುಮಾರು 1 ಪ್ರತಿಶತ. ನನಗೆ ಅಷ್ಟೇ ಸಾಕು. ಒತ್ತಿ ತೆಗೆದ ಗ್ರೇಪ್‌ಫ್ರೂಟ್ ಎಣ್ಣೆ 4 ಪ್ರತಿಶತ ಮೀರಿ ಚರ್ಮದ ಮೇಲಿದ್ದಾಗ ಬಿಸಿಲು ತಗುಲಿದರೆ ಸುಟ್ಟಂತೆ ಕೆಂಪಾಗಬಹುದು. ಅದಕ್ಕೂ ಕಾರಣ ಅದೇ ಫ್ಯೂರಾನೊಕೌಮರಿನ್. ಹಾಗಾಗಿ ಹಚ್ಚುವುದು ಸಂಜೆಯೇ. ಮೊದಲ ಸಲ ಮೊಣಕೈ ಒಳಬದಿಗೆ ಹಚ್ಚಿ ಒಂದು ದಿನ ಕಾಯಬೇಕು. ಕಿಟಕಿಯ ಬಳಿ ಎರಡು ವರ್ಷ ಬಿದ್ದಿದ್ದ ಹಳೆಯ ಸೀಸೆಯಿಂದ ಹಚ್ಚಿಕೊಂಡು ನನ್ನ ಮುಂಗೈ ತುಂಬ ತುರಿಕೆ ಗುಳ್ಳೆ ಎದ್ದಿದ್ದವು. ಲಿಮೊನೀನ್ ಗಾಳಿಯೊಂದಿಗೆ ಸೇರಿ ಹಳಸಿದಾಗ ಚರ್ಮಕ್ಕೆ ಒಗ್ಗದ ವಸ್ತುವಾಗುತ್ತದೆ. ಈಗ ಸೀಸೆ ತೆರೆದ ದಿನಾಂಕವನ್ನು ಚೀಟಿಯಲ್ಲಿ ಬರೆದು ಅಂಟಿಸಿ ಫ್ರಿಜ್‌ನಲ್ಲಿಡುತ್ತೇನೆ, ವರ್ಷವಾದರೆ ಎಸೆಯುತ್ತೇನೆ. ಬೆಕ್ಕು ಸಾಕಿದವರು ಈ ಎಣ್ಣೆಯನ್ನು ದೂರವೇ ಇಡಲಿ, ಅವುಗಳ ದೇಹಕ್ಕೆ ಇದನ್ನು ಅರಗಿಸುವ ಶಕ್ತಿಯಿಲ್ಲ.

ಪರಿಮಳದ ಮಟ್ಟಿಗೆ ಹೇಳುವುದಾದರೆ, ಮಧ್ಯಾಹ್ನದ ತೂಕಡಿಕೆಯ ಹೊತ್ತಿಗೆ ಕರವಸ್ತ್ರದ ಮೇಲೆ ಒಂದು ಹನಿ ನನಗೆ ಕಾಫಿಯಷ್ಟೇ ಹಿತ. ಅದಕ್ಕಿಂತ ದೊಡ್ಡ ಮಾತು ಆಡಲಾರೆ.

ಆದರೆ ಸೀಸೆಗಿಂತ ನನ್ನ ಮನಸ್ಸು ಈಗ ಸಿಪ್ಪೆಯ ಕಡೆ ಹೆಚ್ಚು. ನಮ್ಮಜ್ಜಿ ಚಕ್ಕೋತದ ಸಿಪ್ಪೆಯನ್ನು ಎಸೆದವರಲ್ಲ. ಹಂಡೆಯ ನೀರಿಗೆ ಹಾಕುತ್ತಿದ್ದರು, ಬಚ್ಚಲೆಲ್ಲ ಘಮಘಮ. ನೆರಳಲ್ಲಿ ಒಣಗಿಸಿ ಕುಟ್ಟಿ ಕಡಲೆಹಿಟ್ಟಿಗೆ ಬೆರೆಸಿ ಮೈಗೆ ತಿಕ್ಕುತ್ತಿದ್ದರು. ನಾನು ಮಾಡುವುದೂ ಅದನ್ನೇ, ಮಿಕ್ಸಿಯಲ್ಲಿ. ತಿಕ್ಕಿದ ಮೇಲೆ ಚೆನ್ನಾಗಿ ತೊಳೆದುಕೊಂಡೇ ಬಿಸಿಲಿಗೆ ಹೋಗಬೇಕು, ಅಷ್ಟೇ.

ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಆದರೆ 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಆ ಸುತ್ತಿನ ನೆಲದ ಬೆಲೆ ಏರಿತು, ತೋಟಗಳು ಬಡಾವಣೆಗಳಾದವು. ಅಪ್ಪನ ಊರಿನ ಹಿತ್ತಲಲ್ಲಿದ್ದ ಮರವೂ ಇಂದು ಇಲ್ಲ. ಹೊರದೇಶದ ಹಣ್ಣಿಗೆ ಅಷ್ಟು ದುಡ್ಡು ಸುರಿದದ್ದಕ್ಕೆ ನನಗೆ ಈಗಲೂ ಬೇಸರವಿದೆ. ಹಬ್ಬದ ಹೊತ್ತಿಗೆ ಬುಟ್ಟಿಯಲ್ಲಿಟ್ಟು ಮಾರುವವರ ಬಳಿ, ಕೈಗೆ ಭಾರವಾಗಿ ಕೂರುವ ಚಕ್ಕೋತ ಆರಿಸಿ ತರುತ್ತೇನೆ. ಒಂದು ವಾರ ಹಾಗೆಯೇ ಇಟ್ಟರೆ ಒಗರು ಇಳಿಯುತ್ತದೆ. ಸಿಪ್ಪೆಯನ್ನು ಆರು ಎಸಳಾಗಿ ಗೀರಿ ಬಿಡಿಸಿ, ಬೆಂಡನ್ನು ಕಿತ್ತು, ತೊಳೆಯ ಮೇಲಿನ ಪೊರೆಯನ್ನು ಪೂರ್ತಿ ಸುಲಿಯಬೇಕು. ಕಹಿ ಕೊಡುವ ನರಿಂಜಿನ್ ಹೆಚ್ಚಾಗಿ ಇರುವುದು ಆ ಬೆಂಡು, ಪೊರೆಗಳಲ್ಲಿ. ಒಳಗಿನ ಮುತ್ತುಗಳಿಗೆ ಉಪ್ಪು, ಖಾರದ ಪುಡಿ ಉದುರಿಸಿದರೆ ಬೇರೇನೂ ಬೇಡ.

ವೈದ್ಯರು ಅಪ್ಪನ ರಕ್ತದೊತ್ತಡದ ಮಾತ್ರೆಯ ಹೆಸರನ್ನೂ ಪರಿಶೀಲಿಸಿ, ಕೊಲೆಸ್ಟರಾಲ್‌ಗೆ ರೊಸುವಾಸ್ಟಾಟಿನ್ ಬರೆದುಕೊಟ್ಟರು. ಅದು ಈ ಹಣ್ಣಿನ ತಂಟೆಗೆ ಸಿಗದ ಮಾತ್ರೆ. ಈ ಸಲದ ಹಬ್ಬಕ್ಕೆ ಅಪ್ಪ ನಾಲ್ಕು ತೊಳೆ ತಿಂದರು. ತಿಂದಾದ ಮೇಲೆ ನನ್ನ ಮಗಳನ್ನು ದೀಪದ ಹತ್ತಿರ ಕೂರಿಸಿಕೊಂಡು, ಹಸಿರು ಸಿಪ್ಪೆಯ ಒಂದು ಚೂರನ್ನು ಜ್ವಾಲೆಯ ಪಕ್ಕ ಹಿಡಿದು ಮಡಚಿದರು. ಸಿಪ್ಪೆಯಿಂದ ಚಿಮ್ಮಿದ ಎಣ್ಣೆ ಚಟಚಟ ಎಂದು ಸಣ್ಣ ಕಿಡಿಗಳಾಗಿ ಹೊತ್ತಿತು. "ಇನ್ನೊಂದು ಸಲ, ತಾತ" ಎಂದಳು ಅವಳು.